‘ಇರು’ ಕ್ರಿಯಾಪದಕ್ಕೆ ನಿಘಂಟಿನಲ್ಲಿ ಅರ್ಥ ಬರೆದ ಬಗೆ

ಕನ್ನಡ ಕಲಿಯುವವರ ನಿಘಂಟಿಗೆ ‘ಇರು’ ನಮೂದು ಬರೆಯುವಾಗ ನಾನು ಅರ್ಥಗಳ ಪಟ್ಟಿಯಿಂದ ಶುರು ಮಾಡಲಿಲ್ಲ. ವಾಸಿಸು, ಬದುಕು, ಹೊಂದು, ಕಾಯು, ಉಳಿ ಎಂದು ಸಾಲು ಬೆಳೆಯುತ್ತದೆಯೇ ಹೊರತು ಎಲ್ಲಿ ಯಾವುದು ಎಂಬುದು ಓದುವವರಿಗೆ ಸಿಗುವುದಿಲ್ಲ. ಜೊತೆಯ ನಾಮಪದದ ವಿಭಕ್ತಿಯನ್ನು ಹಿಡಿದು ಉದಾಹರಣೆಗಳನ್ನು ಬೇರ್ಪಡಿಸಿದೆ.

‘ಅಲ್ಲಿ’ ಬಂದರೆ ಜಾಗ: ಅಕ್ಕ ಧಾರವಾಡದಲ್ಲಿದ್ದಾಳೆ. ‘ಗೆ’ ಬಂದರೆ ನಂಟು, ಕಾಯಿಲೆ, ಹಕ್ಕು, ಕೆಲಸ: ಅಕ್ಕನಿಗೆ ಇಬ್ಬರು ಮಕ್ಕಳಿದ್ದಾರೆ, ಜ್ವರ ಇದೆ. ಪೆನ್ನು, ದುಡ್ಡಿನಂಥ ವಸ್ತುವಾದರೆ ‘ಹತ್ತಿರ’ ಅಥವಾ ‘ಬಳಿ’ ಬೇಕು. ‘ಅಕ್ಕನಿಗೆ ಪೆನ್ನಿದೆ’ ಎಂದು ಯಾರೂ ಅನ್ನುವುದಿಲ್ಲ. ‘ಬಂದಿದ್ದಾಳೆ’, ‘ಬರುತ್ತಿದ್ದಾಳೆ’ ಎಂಬ ಸಹಾಯಕ ಬಳಕೆಗೆ ಬೇರೆ ಉಪನಮೂದು ಕೊಟ್ಟೆ.

ಹೆಚ್ಚು ಸಮಯ ಹಿಡಿದದ್ದು ಮೊದಲ ಗುಂಪು. ‘ಧಾರವಾಡದಲ್ಲಿದ್ದಾಳೆ’ ಎಂದರೆ ಅಲ್ಲೇ ಮನೆ ಮಾಡಿಕೊಂಡಿದ್ದಾಳೆಯೋ, ಎರಡು ದಿನಕ್ಕೆ ಹೋಗಿದ್ದಾಳೆಯೋ? ಕ್ರಿಯಾಪದ ಹೇಳುವುದಿಲ್ಲ. ‘ವಾಸವಾಗಿದ್ದಾಳೆ’ ಎಂದು ಬದಲಿಸಿ ನೋಡುವುದು ಒಂದು ಪರೀಕ್ಷೆ: ‘ಅಡುಗೆಮನೆಯಲ್ಲಿ ವಾಸವಾಗಿದ್ದಾಳೆ’ ನಗೆಪಾಟಲು, ಹಾಗಾಗಿ ಅಲ್ಲಿ ಬರೀ ಇರವು. ಪ್ರಶ್ನೆಯಲ್ಲಂತೂ ಆಡುಮಾತು ಈ ಎರಡನ್ನೂ ಚೆನ್ನಾಗಿ ಬೇರೆ ಮಾಡುತ್ತದೆ. ‘ಎಲ್ಲಿದ್ದೀರಿ?’ ಫೋನಿನಲ್ಲಿ ಕೇಳುವ ಮಾತು, ಈ ಗಳಿಗೆಯ ಜಾಗ. ‘ನೀವು ಇರೋದೆಲ್ಲಿ?’ ಎಂದರೆ ಮನೆ ಎಲ್ಲಿ ಎಂದು. ಈ ಜೋಡಿಯನ್ನು ನಮೂದಿನ ಮೇಲ್ಭಾಗದಲ್ಲೇ ಇಟ್ಟೆ.

ಕಲಿಯುವವರು ಎಡವುವುದು ಕಾಲದಲ್ಲಿ. ‘ಬರುತ್ತೇನೆ, ಮಾಡುತ್ತೇನೆ’ ಕಲಿತವರು ‘ಈಗ ಆಫೀಸಿನಲ್ಲಿ ಇರುತ್ತೇನೆ’ ಎನ್ನುತ್ತಾರೆ. ಈ ಗಳಿಗೆಗೆ ‘ಇದ್ದೇನೆ’ ಸರಿ. ‘ಇರುತ್ತೇನೆ’ ರೂಢಿಗೆ ಅಥವಾ ಮುಂದಿನದಕ್ಕೆ: ಸಂಜೆ ಹೊತ್ತು ಮನೆಯಲ್ಲಿರುತ್ತೇನೆ, ನಾಳೆ ಊರಲ್ಲಿರುತ್ತೇನೆ. ತೊಡಕಿಗೆ ಕಾರಣವಿದೆ: ‘ಇದ್ದೇನೆ’ಯ ಬೇರು ಭೂತಕಾಲದ್ದು, ಹಳಗನ್ನಡದ ‘ಇರ್ದ’ವೇ ಇಂದಿನ ‘ಇದ್ದ’. ಹೀಗಾಗಿ ‘ಇದ್ದೆ’ (ನಿನ್ನೆ) ಮತ್ತು ‘ಇದ್ದೇನೆ’ (ಈಗ) ಅಕ್ಕಪಕ್ಕದಲ್ಲೇ ಬರುತ್ತವೆ. ವಾಸದ ಅರ್ಥದಲ್ಲಿ ಮಾತ್ರ ಈಗಿನದಕ್ಕೂ ‘ಇದ್ದಾರೆ’, ‘ಇರುತ್ತಾರೆ’ ಎರಡೂ ನಡೆಯುತ್ತವೆ: ‘ಅವರು ಮೈಸೂರಲ್ಲಿದ್ದಾರೆ’, ‘ಮೈಸೂರಲ್ಲಿರ್ತಾರೆ’. ಭೂತದಲ್ಲಿ ‘ಆ ಬೀದಿಯಲ್ಲಿ ಹತ್ತು ವರ್ಷ ಇದ್ದೆವು’. ಮರುಕಳಿಸಿದ್ದಕ್ಕೆ ‘ರಜೆಯಲ್ಲೆಲ್ಲ ಅಜ್ಜಿಮನೆಯಲ್ಲಿ ಇರುತ್ತಿದ್ದೆವು’.

ನಿಷೇಧವನ್ನು ಕೋಷ್ಟಕವಾಗಿ ಕೊಟ್ಟೆ: ಇಲ್ಲ (ಈಗ), ಇರಲಿಲ್ಲ (ಆಗ), ಇರುವುದಿಲ್ಲ (ರೂಢಿ, ಮುಂದೆ). ‘ಅವರು ಡಾಕ್ಟರ್ ಅಲ್ಲ’ ಎಂಬಲ್ಲಿ ‘ಇಲ್ಲ’ ಹಾಕುವುದು ಪದೇಪದೇ ಕಾಣುವ ತಪ್ಪು, ಅದಕ್ಕೆ ಎಚ್ಚರಿಕೆಯ ಗುರುತು ಬೇಕು. ‘ಅವರು ಡಾಕ್ಟರ್’ ಎಂಬಷ್ಟೇ ಪೂರ್ತಿ ವಾಕ್ಯ. ಅದಕ್ಕೆ ‘ಆಗಿದ್ದಾರೆ’ ಅಂಟಿಸುವುದು ಅನುವಾದದ ಚಟ ಎಂದೇ ನನ್ನ ಅಭಿಪ್ರಾಯ. ಉದಾಹರಣೆಗಳಲ್ಲಿ ಅಂಥವನ್ನು ತೆಗೆದುಹಾಕಿದೆ.

ಸಮೀಪದ ಪದಗಳಿಗೆ ಒಂದೊಂದೇ ಸಾಲು ಸಾಕಾಯಿತು. ‘ವಾಸಿಸು’ ಬರಹದ ಮಾತು, ಅರ್ಜಿಗೆ ಸರಿ, ಹರಟೆಗೆ ಬಿಗಿ. ‘ನೆಲೆಸು’ ಎಂದರೆ ಬಂದು ಬೇರೂರಿದ್ದು, ದೇವರಿಗೂ ಸಲ್ಲುತ್ತದೆ. ‘ತಂಗು’ ದಾರಿಯಲ್ಲಿ ಒಂದೆರಡು ರಾತ್ರಿ. ‘ಸ್ವಲ್ಪ ಇರು’ (ಕಾಯು), ‘ಇರಲಿ ಬಿಡಿ’ (ಪರವಾಗಿಲ್ಲ) ನುಡಿಗಟ್ಟುಗಳ ವಿಭಾಗಕ್ಕೆ ಹೋದವು. ಐತೆ, ಐತಿ, ಅದ, ಕರಾವಳಿಯ ಉಂಟು ಇವನ್ನು ಆಯಾ ಅಕ್ಷರದಲ್ಲೇ ಇಟ್ಟು ‘ಇದೆ, ನೋಡಿ: ಇರು’ ಎಂದು ಬರೆದೆ, ‘ಐತೆ’ ಕೇಳಿಸಿಕೊಂಡವರು ‘ಇ’ ಪುಟದಲ್ಲಿ ಹುಡುಕುವುದಿಲ್ಲ.