ರರಾಮುರಿ ಹೆಣ್ಣುಮಕ್ಕಳ ಲಂಗ: ಕೈಹೊಲಿಗೆಯ ಕ್ರಮ

ಮೆಕ್ಸಿಕೊದ ಚಿವಾವಾ ರಾಜ್ಯದ ಬೆಟ್ಟಸಾಲಿನಲ್ಲಿರುವ ರರಾಮುರಿ ಅಥವಾ ತಾರಾವುಮಾರಾ ಹೆಂಗಸರು ತುಂಬು ನೆರಿಗೆಯ, ಗಾಢ ಬಣ್ಣದ ಹೂವಿನ ಲಂಗ ಉಡುತ್ತಾರೆ. ಒಂದರ ಮೇಲೊಂದು ಹಲವು ಲಂಗ ಉಡುವುದೂ ಉಂಟು. ರರಾಮುರಿ ಓಟಗಾರ್ತಿ ಲೊರೇನಾ ರಮಿರೆಸ್ 2017ರಲ್ಲಿ ಮೆಕ್ಸಿಕೊದ ಪುಯೆಬ್ಲಾ ರಾಜ್ಯದ 50 ಕಿ.ಮೀ. ಓಟ ಗೆದ್ದದ್ದು ಲಂಗ ಉಟ್ಟೇ. ಇಂಥ ಲಂಗ ಕಾಲಿಗೆ ತೊಡಕಾಗಬಾರದೆಂದರೆ ಘೇರು (ಲಂಗದ ಸುತ್ತಳತೆ) ಧಾರಾಳವಾಗಿರಬೇಕು.

110 ಸೆಂ.ಮೀ. ಪನ್ನದ (ಅಗಲದ) ಹತ್ತಿಬಟ್ಟೆಯ 4 ತುಂಡು ಸಾಕು. ಕತ್ತರಿಸುವ ಮೊದಲೇ ಒಗೆದು ಒಣಗಿಸಿ. ಇಲ್ಲದಿದ್ದರೆ ಲಂಗ ಕುಗ್ಗಿ, ಅಂಚಿನ ಪಟ್ಟಿ ಸುಕ್ಕಾಗುತ್ತದೆ. ಕೆಂಪು ಬಟ್ಟೆ ಬಣ್ಣ ಬಿಡುವುದು ಹೆಚ್ಚು, ಅದನ್ನು ಬೇರೆಯಾಗಿಯೇ ನೆನೆಸಿ.

ಲಂಗದ ಜೀವ ತ್ರಿಕೋನದ ಅಂಚಿನಲ್ಲಿದೆ. ಎದ್ದು ಕಾಣುವ ಬಣ್ಣದ 8 ಸೆಂ.ಮೀ. ಅಗಲದ ಪಟ್ಟಿಯ ಮೇಲಂಚಿನಲ್ಲಿ ಪ್ರತಿ 6 ಸೆಂ.ಮೀ.ಗೆ ಗುರುತು ಹಾಕಿ, 3 ಸೆಂ.ಮೀ. ಆಳ ಸೀಳಿ. ಸೀಳುಗಳ ನಡುವಿನ ತುಂಡಿನ ಎರಡೂ ಮೂಲೆಗಳನ್ನು ಹಿಂದಕ್ಕೆ ಮಡಚಿದರೆ ಚೂಪಾದ ತ್ರಿಕೋನ ಸಿಗುತ್ತದೆ. ಸೀಳಿನ ಆಳ ಈ ತುಂಡಿನ ಅಗಲದ ಅರ್ಧದಷ್ಟೇ ಇರಲಿ, ಕಡಿಮೆಯಾದರೆ ತುದಿ ಮೊಂಡಾಗುತ್ತದೆ. ಬಟ್ಟೆ ಎಳೆ ಬಿಡುವುದು ಸೀಳಿನ ಬುಡದಲ್ಲೇ. ಅಲ್ಲಿ ಎರಡು ಪುಟ್ಟ ಹೊಲಿಗೆ ಹೆಚ್ಚಿಗೆ ಹಾಕಿ. ಪಟ್ಟಿಯನ್ನು ಮೊದಲು ಲಂಗದ ಬಟ್ಟೆಯ ಅಂಚಿನ ಮೇಲೆ ಕಚ್ಚಾ ಹೊಲಿಗೆಯಿಂದ ಕೂರಿಸಿ, ನಂತರ ಹೆಮ್ಮಿಂಗ್ (ಮಡಚಿದ ಅಂಚನ್ನು ಸಣ್ಣ ಹೊಲಿಗೆಯಿಂದ ಹಿಡಿಯುವುದು) ಮಾಡಿ. ಬಟ್ಟೆ ಚಪ್ಪಟೆಯಾಗಿರುವಾಗಲೇ ಈ ಕೆಲಸ ಮುಗಿಯಬೇಕು, ನೆರಿಗೆ ಹಿಡಿದ ಮೇಲೆ ಆಗದು.

ನೆರಿಗೆಗೆ ಎರಡು ಸಾಲು ದಾರ ಓಡಿಸಿ. ಸುತ್ತಿಗೆಲ್ಲ ಒಂದೇ ದಾರವಿದ್ದರೆ ಎಳೆಯುವಾಗ ತುಂಡಾಗುತ್ತದೆ, ಆದ್ದರಿಂದ ಜೋಡಿಸಿದ 4 ಬಟ್ಟೆ ತುಂಡುಗಳಲ್ಲಿ ಪ್ರತಿಯೊಂದಕ್ಕೂ ಬೇರೆ ದಾರವಿರಲಿ. ನೆರಿಗೆ ಸಮನಾಗಿ ಹಂಚಿ, ಸೊಂಟಪಟ್ಟಿ ಜೋಡಿಸಿ, ಲಾಡಿ ಹಾಕಿ.