ನೋಡುವ ಹುಚ್ಚನ್ನು ಬರವಣಿಗೆಗೆ ಹಚ್ಚಿ

ಕಥೆ ಬರೆಯುವ ಆಸೆ ಇದೆ, ಆದರೆ ಸಂಜೆಯೆಲ್ಲ ಸಿನಿಮಾ, ವೆಬ್ ಸೀರೀಸ್‌ನಲ್ಲೇ ಕಳೆದುಹೋಗುತ್ತದೆ ಅಂತ ಬೇಜಾರಾ? ನೋಡುವುದನ್ನು ಬಿಡಬೇಡಿ. ತುಂಬಾ ಇಷ್ಟವಾದ ಒಂದೇ ಒಂದು ದೃಶ್ಯ ಆರಿಸಿಕೊಳ್ಳಿ, ಎರಡು ಮೂರು ನಿಮಿಷದ್ದು ಸಾಕು. ಮೊದಲು ಮ್ಯೂಟ್ ಮಾಡಿ ನೋಡಿ. ಯಾರು ಎಲ್ಲಿ ನಿಂತರು, ಯಾರು ಮುಖ ತಿರುಗಿಸಿದರು, ಕೈಯಲ್ಲಿದ್ದ ಲೋಟವನ್ನು ಯಾವಾಗ ಕೆಳಗಿಟ್ಟರು, ಇದನ್ನೆಲ್ಲ ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಿ. ಆಮೇಲೆ ಪರದೆ ನೋಡದೆ ಮಾತು ಮಾತ್ರ ಕೇಳಿ. ಒಳ್ಳೆಯ ದೃಶ್ಯದಲ್ಲಿ ಪಾತ್ರಗಳು ಮನಸ್ಸಿನಲ್ಲಿರುವುದನ್ನು ನೇರವಾಗಿ ಹೇಳುವುದೇ ಕಡಿಮೆ. ಕೋಪ ಬಂದವರು ಸುಮ್ನೆ ಊಟದ ವಿಷಯ ಮಾತಾಡುತ್ತಿರುತ್ತಾರೆ, ಅಲ್ವಾ? ಇದು ಗೊತ್ತಾದ ಮೇಲೆ ನನ್ನ ಕಥೆಗಳಲ್ಲಿ ಸಂಭಾಷಣೆ ಅರ್ಧಕ್ಕರ್ಧ ಇಳಿಯಿತು, ಓದಲು ಮೊದಲಿಗಿಂತ ಈಗ ಚೆನ್ನಾಗಿವೆ.

ಚಿತ್ರಕಥೆ ಬರೆಯುವ ಆಸೆ ಇದ್ದವರಿಗೆ ಇನ್ನೊಂದು ಲೆಕ್ಕ. ಸರಿಯಾದ ಫಾರ್ಮ್ಯಾಟ್‌ನಲ್ಲಿ, ಅಂದರೆ ಜಾಗ, ನಡೆಯುವ ಕ್ರಿಯೆ, ಮಾತು ಬೇರೆ ಬೇರೆಯಾಗಿ ಕಾಣುವಂತೆ ಬರೆದ 1 ಪುಟ ಅಂದರೆ ತೆರೆಯ ಮೇಲೆ ಅಂದಾಜು 1 ನಿಮಿಷ. ಹಾಗಾಗಿ 3 ನಿಮಿಷದ ದೃಶ್ಯ ನೋಡಿದರೆ, ಅದೇ ಭಾವ ಇಟ್ಟುಕೊಂಡು, ಪಾತ್ರ ಮತ್ತು ಜಾಗ ನಿಮ್ಮದೇ ಮಾಡಿಕೊಂಡು, 3 ಪುಟ ಬರೆದು ನೋಡಿ. ನಕಲು ಮಾತ್ರ ಬೇಡ. ದಿನಕ್ಕೆ ಒಂದೇ ದೃಶ್ಯ ಸಾಕು, ಜಾಸ್ತಿ ಮಾಡಲು ಹೋದರೆ ನೋಡುವ ಖುಷಿಯೇ ಹೊರಟುಹೋಗುತ್ತದೆ.