ಇನ್ನೇಟ್ ಇಮ್ಯೂನಿಟಿಗೆ ಬ್ರೇಕ್ ಹಾಕೋ ಎಂಜೈಮ್: ಲ್ಯಾಬಲ್ಲಿ ನನ್ನ ಅನುಭವ

ವೈರಸ್ ಒಳಗೆ ನುಗ್ಗಿದ್ರೆ ಹುಟ್ಟಿನಿಂದ್ಲೇ ಇರೋ ರಕ್ಷಣೆ (ಇನ್ನೇಟ್ ಇಮ್ಯೂನಿಟಿ) ಎದ್ದು, ಸೆಲ್ ಇಂಟರ್‌ಫೆರಾನ್ ಅನ್ನೋ ಎಚ್ಚರಿಕೆ ಪ್ರೋಟೀನ್ ಮಾಡತ್ತೆ ಅಂತ ಎಲ್ರೂ ಓದಿರ್ತೀವಿ, ಆದ್ರೆ ಅದು ಅತಿಯಾಗದ ಹಾಗೆ ತಡೆಯೋದು ಯಾರು ಅನ್ನೋದು ನನ್ನನ್ನ ತುಂಬಾ ಕಾಡಿದ ಪ್ರಶ್ನೆ. ಅದಕ್ಕೇ ಸಿವೈಎಲ್‌ಡಿ ಅನ್ನೋ ಎಂಜೈಮ್ ಹಿಂದೆ ಬಿದ್ದೆ.

ದಾರಿ ಹೀಗಿದೆ: ವೈರಸ್‌ನ ಆರ್‌ಎನ್‌ಎಯನ್ನ ಸೆಲ್ ಒಳಗಿನ ರಿಗ್-ಐ ಅನ್ನೋ ಪ್ರೋಟೀನ್ ಗುರುತಿಸತ್ತೆ, ಅದರ ಮೇಲೆ ಕೆ63 ಯುಬಿಕ್ವಿಟಿನ್ ಸರಪಳಿ (ಯುಬಿಕ್ವಿಟಿನ್ ಅನ್ನೋ ಪುಟ್ಟ ಪ್ರೋಟೀನ್‌ಗಳನ್ನ ಪೋಣಿಸಿದ್ದು) ಕೂರತ್ತೆ, ಅಲ್ಲಿಂದ ಸಂದೇಶ ಮ್ಯಾವ್ಸ್ ಅನ್ನೋ ಪ್ರೋಟೀನ್‌ಗೆ ಹೋಗತ್ತೆ, ಆಮೇಲೆ ಟಿಬಿಕೆ1 ಕೈನೇಸ್ (ಫಾಸ್ಫೇಟ್ ಹಚ್ಚೋ ಎಂಜೈಮ್) ಬಂದು ಐಆರ್‌ಎಫ್3 ಅನ್ನೋ ಪ್ರೋಟೀನ್‌ಗೆ ಫಾಸ್ಫೇಟ್ ಹಚ್ಚತ್ತೆ, ಅದು ಇಂಟರ್‌ಫೆರಾನ್ ಜೀನನ್ನ ಆನ್ ಮಾಡತ್ತೆ. ಸರಪಳಿ ಕೂರಿಸೋದು ಟ್ರಿಮ್25 ಅನ್ನೋ ಎಂಜೈಮ್ ಅಂತ 2007ರಲ್ಲಿ ಬಂತು, ಆಮೇಲಿನ ಕೆಲಸ ನೋಡಿದ್ರೆ ರಿಪ್ಲೆಟ್ ಅನ್ನೋ ಇನ್ನೊಂದು ಎಂಜೈಮ್‌ನ ಪಾತ್ರವೇ ದೊಡ್ಡದು ಅಂತ ನನಗನ್ಸತ್ತೆ. ಸಿವೈಎಲ್‌ಡಿ ಆ ಸರಪಳಿನ ಕತ್ತರಿಸತ್ತೆ, ಅದೇ ಬ್ರೇಕ್.

ಎ549 ಅನ್ನೋ ಮನುಷ್ಯರ ಶ್ವಾಸಕೋಶದ ಸೆಲ್‌ಗಳಲ್ಲಿ ಎಸ್‌ಐಆರ್‌ಎನ್‌ಎ (ಒಂದು ಜೀನನ್ನ ತಗ್ಗಿಸೋ ಚಿಕ್ಕ ಆರ್‌ಎನ್‌ಎ) ಹಾಕಿ ಸಿವೈಎಲ್‌ಡಿ ಕಮ್ಮಿ ಮಾಡಿ ಸೆಂಡೈ ವೈರಸ್ ಕೊಟ್ಟೆ, ಯಾಕಂದ್ರೆ ಸೆಂಡೈನ ರಿಗ್-ಐ ಚೆನ್ನಾಗಿ ಹಿಡಿಯತ್ತೆ. ನಿಜವಾದ ಕಷ್ಟ ಇರೋದು ಸೆಲ್ ಒಡೆಯೋವಾಗ. ಬಫರಲ್ಲಿ ಸರಪಳಿ ಕತ್ತರಿಸೋ ಎಂಜೈಮ್‌ಗಳನ್ನ ತಡೆಯೋ ಎನ್-ಈಥೈಲ್‌ಮಲೀಮೈಡ್ ಇಲ್ಲ ಅಂದ್ರೆ ಟ್ಯೂಬ್ ಒಳಗೇ ಸರಪಳಿ ಕರಗಿ ಹೋಗತ್ತೆ, ಆ ಮಲೀಮೈಡನ್ನ ಆಗಿಂದಾಗ್ಗೆ ಫ್ರೆಶ್ ಆಗಿ ಮಾಡ್ಕೋಬೇಕು, ಜೊತೆಗೆ ಡಿಟಿಟಿ ಅನ್ನೋ ರಾಸಾಯನಿಕ ಹಾಕಿದ್ರೆ ಅದರ ಶಕ್ತಿನೇ ಹೋಗತ್ತೆ. ಫಾಸ್ಫೇಟ್ ಕಿತ್ತು ಹಾಕೋ ಫಾಸ್ಫಟೇಸ್ ಎಂಜೈಮ್ ತಡೆಯೋಕೆ ಸೋಡಿಯಂ ಫ್ಲೋರೈಡ್, ವನಡೇಟ್ ಬೇರೆ. ಆಮೇಲೆ ಒಡೆದ ಸೆಲ್‌ಗಳ ರಸನ (ಲೈಸೇಟ್) 1% ಎಸ್‌ಡಿಎಸ್ ಅನ್ನೋ ಡಿಟರ್ಜೆಂಟ್‌ನಲ್ಲಿ ಕುದಿಸಿ, ಹತ್ತು ಪಟ್ಟು ಡೈಲ್ಯೂಟ್ ಮಾಡಿ, ಆಗ ರಿಗ್-ಐಗೆ ಮಾತ್ರ ಅಂಟೋ ಆಂಟಿಬಾಡಿಯಿಂದ ಅದನ್ನ ಹೊರಗೆ ಎಳೀತೀನಿ. ಕುದಿಸದೆ ಎಳೆದ್ರೆ ಅಂಟ್ಕೊಂಡ ಬೇರೆ ಪ್ರೋಟೀನ್‌ಗಳ ಯುಬಿಕ್ವಿಟಿನ್ ಕೂಡ ಬಂದು, ಬ್ಲಾಟ್ (ಪ್ರೋಟೀನ್‌ಗಳನ್ನ ಬ್ಯಾಂಡ್‌ಗಳಾಗಿ ತೋರಿಸೋ ಹಾಳೆ) ಮೇಲೆ ಕಾಣೋ ಆ ಉದ್ದ ಮಸಿ ಯಾರದ್ದು ಅಂತ ಹೇಳೋಕಾಗಲ್ಲ. ಫಾಸ್ಫೇಟ್ ಹತ್ತಿದ ಪ್ರೋಟೀನ್ ನೋಡೋ ಫಾಸ್ಫೊ ಬ್ಲಾಟಿಗೆ, ಆಂಟಿಬಾಡಿ ಎಲ್ಲೆಂದ್ರಲ್ಲಿ ಅಂಟದ ಹಾಗೆ ಹಾಕೋದು ಹಾಲಿನ ಪುಡಿ ಬದಲು ಬಿಎಸ್‌ಎ (ದನದ ರಕ್ತದ ಪ್ರೋಟೀನ್), ಹಾಲಿನ ಕೇಸೀನೇ ಫಾಸ್ಫೊಪ್ರೋಟೀನ್ ಅಲ್ವಾ.

ಸಿವೈಎಲ್‌ಡಿ ಕಮ್ಮಿಯಾದ ಸೆಲ್‌ಗಳಲ್ಲಿ ವೈರಸ್ ಕೊಡದ ಲೇನಲ್ಲೂ ಟಿಬಿಕೆ1ನ ಫಾಸ್ಫೊ ಬ್ಯಾಂಡ್ ತೆಳ್ಳಗೆ ಕಂಡಾಗ ಎಷ್ಟು ಖುಷಿಯಾಯ್ತು ಗೊತ್ತಾ! ಅಂದ್ರೆ ಈ ಬ್ರೇಕ್ ಬೇಕಾಗೋದು ಇನ್‌ಫೆಕ್ಷನ್ ಮುಗಿದ ಮೇಲಷ್ಟೇ ಅಲ್ಲ, ಸುಮ್ನೆ ಇರೋ ಸೆಲ್‌ನಲ್ಲೂ ಅದು ಒತ್ತಿಕೊಂಡೇ ಇರತ್ತೆ.

ಇದನ್ನ ಮಾಡೋರಿಗೆ ಒಂದ್ ಮಾತು: ಹೊರಗೆ ಬಂದ ಇಂಟರ್‌ಫೆರಾನ್ ಅದೇ ಸೆಲ್‌ಗೆ ವಾಪಸ್ ಅಂಟಿ, ಜಾಕ್ ಕೈನೇಸ್ ಮೂಲಕ ರಿಗ್-ಐನೇ ಹೆಚ್ಚು ಮಾಡತ್ತೆ, ಆಗ ಮೊದಲ ಸುತ್ತು ಯಾವುದು ಎರಡನೇದು ಯಾವುದು ಗೊತ್ತಾಗಲ್ಲ. ಜಾಕ್ ತಡೆಯೋ ಔಷಧಿ ರುಕ್ಸೊಲಿಟಿನಿಬ್ ಹಾಕಿದ ಒಂದು ಸೆಟ್ ಪಕ್ಕದಲ್ಲಿ ಇಟ್ಕೊಳ್ಳಿ, ಆ ಸೆಟ್ಟಲ್ಲೂ ವ್ಯತ್ಯಾಸ ಉಳಿದ್ರೆ ಮಾತ್ರ ಅದು ಸಿವೈಎಲ್‌ಡಿದೇ ಕೆಲಸ ಅಂತ ಬರೀರಿ.